ವರ್ಷ ತುಂಬದ ಮೊಹರಂ

ಪುರ್ತಗೇರಿಯ ಮೈಲಾರಿ ಸತ್ತ ಮಗನಿಗಾಗಿ ಅಳುವುದನ್ನು ಒಂದು ವರ್ಷ ಮುಂದಕ್ಕೆ ಹಾಕಿದ್ದ. ಕೇಳಿದವರಿಗೆ ಇದೆಂಥ ಹುಚ್ಚು ಅನ್ನಿಸೀತು. ಅಳುವುದೇನು ಮದುವೆಯೇ, ಪಂಚಾಂಗ ತೆಗೆಸಿ ಮುಂದಕ್ಕೆ ಹಾಕಲಿಕ್ಕೆ? ಆದರೆ ಆ ಪುಣ್ಯಾತ್ಮ ಹಾಕಿದ್ದ. ಅದೂ ಮಣ್ಣು ಕೊಟ್ಟು ಬಂದ ಮೂರನೆಯ ದಿನ, ಮನೆಯ ಕಟ್ಟೆಯ ಮೇಲೆ ನೆರೆದ ಮಂದಿಯ ಎದುರಿಗೇ ಹೇಳಿ ಹಾಕಿದ್ದ.

'ಬರೂ ಮೊಹರಂದಾಗ, ದೇವ್ರ ಹೊಳಿಗೆ ಹೋಗೂ ದಿನ, ಮಸೂತಿ ಮುಂದ ನಿಂತು ಖಾಸೀಮನ ಪದ ಹಾಡ್ತೀನಿ. ಅವತ್ತ ನನ್ನ ಮಗಂದೂ ವರ್ಷ ತುಂಬತೈತಿ. ಅಳೂದು ಏನೈತಿ, ಎಲ್ಲಾ ಅವತ್ತ. ಅಲ್ಲೀತನಕಾ ನನ್ನ ಮನ್ಯಾಗ ಯಾರೂ ಅಳಬ್ಯಾಡ್ರಿ' ಅಂದಿದ್ದ.

ಬಾಗಿಲ ಸಂದಿಯಲ್ಲಿ ನಿಂತಿದ್ದ ಹೆಂಡತಿ ನಾಗರತ್ನಾ 'ಹೂಂ' ಅಂದಿದ್ದಳು. ಬೇರೆ ಏನು ಅನ್ನಬೇಕಿತ್ತು ಅವಳು?

ಹೀಗೆ ಹೇಳುವುದಕ್ಕೆ ಅವನಿಗೂ ಒಂದು ಕಾರಣವಿತ್ತು. ಮಗ ದುರಗೇಶನ ಹೆಣ ಅಂಗಳಕ್ಕೆ ಬಂದ ದಿನ ಮೈಲಾರಿ ಬಾಯಿ ತೆಗೆದು ಒಮ್ಮೆ ಚೀರಿದ್ದನಷ್ಟೇ, ನಾಲ್ಕು ಜನ ಬಂದು ರಟ್ಟೆ ಹಿಡಿದುಬಿಟ್ಟರು. 'ಗಂಡಸಾಗಿ ನೀನ ಹಿಂಗ ಮಾಡಿದ್ರ ಆಕಿ ಗತಿ ಏನಪಾ? ಎದಿ ಗಟ್ಟಿ ಮಾಡ್ಕೋ.' ಒಬ್ಬ ನೀರು ಕುಡಿಸಿದ, ಇನ್ನೊಬ್ಬ ಬೀಡಿ ಹಚ್ಚಿ ಕೊಟ್ಟ. ಬಂದ ಅಳುವನ್ನು ಮೈಲಾರಿ ನುಂಗಿದ. ನುಂಗಿದ್ದು ಎದೆಯ ನಡುವೆ ಎಲ್ಲೋ ಕೂತುಬಿಟ್ಟಿತು. ಕೆಳಗೂ ಇಳಿಯಲಿಲ್ಲ, ಮೇಲಕ್ಕೂ ಬರಲಿಲ್ಲ.

ಈ ಸೀಮೆಯಲ್ಲಿ ಗಂಡಸು ಬಾಯಿ ಬಿಟ್ಟು ಅಳುವುದಕ್ಕೆ ಇರುವುದು ಒಂದೇ ಜಾಗ, ಒಂದೇ ತಿಂಗಳು. ಮೊಹರಂ ತಿಂಗಳಲ್ಲಿ ಮಸೂತಿಯ ಅಂಗಳ. ಪುರ್ತಗೇರಿಯಲ್ಲಿ ಮುಸಲ್ಮಾನರ ಮನೆಗಳು ಬೆರಳೆಣಿಕೆಯಷ್ಟೇ ಆದರೂ ಅಲಾಯಿ ದೇವರು ಇಡೀ ಊರಿನ ದೇವರು. ಚಂದ್ರ ಕಂಡ ಮೇಲೆ ಮಸೂತಿಯ ಮುಂದೆ ಬೆಂಕಿಯ ಕುಣಿ ತೋಡುತ್ತಾರೆ, ದೇವರ ಪಂಜಾಗಳನ್ನು ಕೂರಿಸುತ್ತಾರೆ, ದಿನವೂ ಹೆಜ್ಜೆ ಹಾಕುತ್ತ ರಿವಾಯತ್ ಪದ ಹಾಡುತ್ತಾರೆ, ಹತ್ತನೆಯ ದಿನ ದೇವರನ್ನು ಹೊಳೆಗೆ ಕಳಿಸುತ್ತಾರೆ. ಕರ್ಬಲಾದ ಮರಳಿನಲ್ಲಿ ಈ ತಿಂಗಳಲ್ಲಿ ಯಾವ ದಿನ ಏನಾಯಿತು ಎಂಬುದೆಲ್ಲ ಆ ಪದಗಳಲ್ಲಿದೆ. ಯಾವ ದಿನ ಡೇರೆ ಹೂಡಿದರು, ಯಾವ ದಿನ ಹೊಳೆಯ ನೀರಿಗೆ ಕಾವಲು ಹಾಕಿದರು, ಮದುವಣಿಗ ಖಾಸೀಮ ಬಾಸಿಂಗದಲ್ಲೇ ಕುದುರೆ ಹತ್ತಿ ಹೋಗಿ ಹ್ಯಾಗೆ ಮಡಿದ. ಕೇಳುತ್ತ ಕೇಳುತ್ತ ಗಿರಿಜಾ ಮೀಸೆಯ ಗಟ್ಟಿ ಆಳುಗಳೆಲ್ಲ ರುಮಾಲಿನ ಚುಂಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ಅಲ್ಲಿ ಅತ್ತರೆ ಯಾರೂ ರಟ್ಟೆ ಹಿಡಿಯುವುದಿಲ್ಲ. ಯಾರು ಯಾರಿಗಾಗಿ ಅತ್ತರು ಎಂದು ಕೇಳುವುದೂ ಇಲ್ಲ. ಎಮ್ಮೆ ಸತ್ತವನು, ಅಣ್ಣತಮ್ಮಂದಿರ ಜೊತೆ ಮುರಿದುಕೊಂಡವನು, ಎಲ್ಲರೂ ಖಾಸೀಮನ ಹೆಸರಿನಲ್ಲಿ ಅತ್ತು ಹಗುರಾಗಿ ಮನೆಗೆ ಹೋಗುತ್ತಾರೆ.

ಆ ಪದಗಳಿಗೆ ಮೈಲಾರಿಯೇ ಮುಂದಾಳು. ಅವನಪ್ಪನಿಂದ ಬಂದ ಹಾಡಿಕೆ. ಅಪ್ಪ ಬರೀ ಕರ್ಬಲಾಕ್ಕೆ ನಿಂತವನಲ್ಲ, ಈ ಕಡೆಯ ಸಾವುಗಳನ್ನೂ ತಿಂಗಳು ಹಿಡಿದು ಪದ ಕಟ್ಟಿದವನು. ಒಂದು ಜೂನಿನಲ್ಲಿ ನರಗುಂದದ ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೆ ಹಾಕಿದ್ದಕ್ಕೆ ಒಂದು, ಒಂದು ಆಷಾಢದಲ್ಲಿ ಅದೇ ನರಗುಂದದಲ್ಲಿ ರೈತರ ಮೇಲೆ ಗುಂಡು ಹಾರಿದ್ದಕ್ಕೆ ಇನ್ನೊಂದು. ಯಾವ ತಿಂಗಳಿಗೆ ಯಾವ ದುಃಖ ಎಂದು ಕೇಳಿದರೆ ಮೈಲಾರಿ ಹಾಡಿಯೇ ಹೇಳುತ್ತಿದ್ದ. ಊರವರ ದುಃಖವನ್ನೆಲ್ಲ ಹೀಗೆ ತಿಂಗಳು ತಿಂಗಳಿಗೆ ಜೋಡಿಸಿಟ್ಟವನು ತನ್ನದಕ್ಕೂ ಒಂದು ತಿಂಗಳು ನೋಡಿಕೊಂಡ. ಅದರಲ್ಲಿ ಅಂಥ ಆಶ್ಚರ್ಯವೇನಿಲ್ಲ ಬಿಡಿ.

ಹಿಮ್ಮೇಳಕ್ಕೆ ದುರಗೇಶ. ಇಪ್ಪತ್ತರ ಹುಡುಗ, ಟ್ರ್ಯಾಕ್ಟರ್ ಹೊಡೆಯುತ್ತಿದ್ದ. ಮಾತು ಕಡಿಮೆ, ದನಿ ಮಾತ್ರ ಚಿನ್ನ. ಖಾಸೀಮನ ಪದದಲ್ಲಿ ತಾಯಿ ಮಾತಾಡುವ ಒಂದು ನುಡಿ ಇದೆ:

ಬಾಸಿಂಗ ಬಿಚ್ಚಬ್ಯಾಡೋ ಕಂದಾ, ಬಾಗಿಲಾಗ ನಿಂತೀನಿ
ನೀರ ಬೇಡಿದ್ಯಲ್ಲೋ ಮಗನಾ, ಬರಿಗೈಲೆ ನಿಂತೀನಿ

ಮೊದಲ ಸಲ ಇದನ್ನು ಒಬ್ಬನೇ ಹಾಡುವಾಗ ದುರಗೇಶನಿಗೆ ಮೀಸೆ ಚಿಗುರುವ ವಯಸ್ಸು. 'ಬರಿಗೈಲೆ' ಅನ್ನುವಲ್ಲಿ ದನಿ ಚರಕ್ಕನೆ ಒಡೆದುಬಿಟ್ಟಿತು. ಹುಡುಗ ನಾಚಿ ತಲೆ ತಗ್ಗಿಸಿದ. ಕೇಳುತ್ತಿದ್ದ ಮಂದಿ ಮಾತ್ರ ಹೋ ಎಂದು ಅತ್ತರು. ಆಮೇಲೆ ದನಿ ಬಲಿಯಿತು, ಗಟ್ಟಿಯಾಯಿತು, ಆದರೆ ಆ ಜಾಗದಲ್ಲಿ ಅವನು ಪ್ರತಿವರ್ಷ ಅದನ್ನು ಹಾಗೆಯೇ ಒಡೆಯುತ್ತಿದ್ದ. ಅದು ಇಲ್ಲದಿದ್ದರೆ ಜನ ಒಪ್ಪುತ್ತಲೇ ಇರಲಿಲ್ಲ.

ಹೋದ ವರ್ಷ ದೇವರು ಹೊಳೆಗೆ ಹೋದ ದಿನ, ಕುಣಿದ ಬೆವರು, ಮೈತುಂಬ ಬೂದಿ. ಮಿಂದು ಬರುತ್ತೇನೆಂದು ದುರಗೇಶ ತಮ್ಮದೇ ಹೊಲದ ಕೃಷಿ ಹೊಂಡಕ್ಕೆ ಇಳಿದ. ತಳಕ್ಕೆ ಹಾಸಿದ್ದ ಪ್ಲಾಸ್ಟಿಕ್ ಹಾಳೆಗೆ ಪಾಚಿ ಹಿಡಿದಿತ್ತು. ಇಳಿದವನಿಗೆ ಹತ್ತಲಾಗಲಿಲ್ಲ. ಸಂಜೆ ದನ ಹೊಡೆದುಕೊಂಡು ಬರುತ್ತಿದ್ದವರು ದಂಡೆಯ ಮೇಲೆ ಅಂಗಿ ನೋಡಿದರು. ನೀರಿಲ್ಲದೆ ಸತ್ತವರ ಪದ ಹಾಡಿದವನು ನೀರಿನಲ್ಲೇ ಹೋದ ಎಂದು ಊರು ವಾರಗಟ್ಟಲೆ ಆಡಿಕೊಂಡಿತು. ಹೊಂದಿಕೆಯಾಗುವ ಮಾತೊಂದು ಸಿಕ್ಕರೆ ಸಾಕು, ಜನರಿಗೆ ಎದುರಿಗಿರುವ ತಂದೆತಾಯಿ ಕಾಣುವುದಿಲ್ಲ.

ಆ ದಿನ ಆಷಾಢ ಏಕಾದಶಿ, ಪಂಢರಾಪುರದ ಏಕಾದಶಿ. ಅದರ ಹಿಂದಿನ ವರ್ಷವೂ ದೇವರು ಹೊಳೆಗೆ ಹೋದದ್ದು ಅದೇ ಏಕಾದಶಿಯ ದಿನವೇ. ವಿಠ್ಠಲನೂ ಅಲಾಯಿ ದೇವರೂ ಮಾತಾಡಿಕೊಂಡು ಬಂದಾರ ನೋಡ್ರಿ ಎಂದು ಊರೆಲ್ಲ ಹಿಗ್ಗಿತ್ತು. ಎರಡು ವರ್ಷ ಜೊತೆಗೆ ಬಂದದ್ದನ್ನು ಕಂಡು ಅದೇ ಕಾಯಂ ಎಂದು ಎಲ್ಲರೂ ನಂಬಿದರು. ಮೊಹರಂ ವರ್ಷವರ್ಷ ಹಿಂದೆ ಸರಿಯುತ್ತದೆಂದು ಮೈಲಾರಿಗೆ ಗೊತ್ತಿರಲಿಲ್ಲವೇ? ಚಳಿಗೆ ಕಂಬಳಿ ಹೊದ್ದೂ ಹಾಡಿದ್ದ, ಬಿರುಬಿಸಿಲಿನಲ್ಲಿ ಕಾಲು ಸುಟ್ಟುಕೊಂಡೂ ಹಾಡಿದ್ದ. ಗೊತ್ತಿತ್ತು. ಆದರೆ ಮಗ ಸತ್ತ ಮೂರನೆಯ ದಿನ ಕೂತು ಪಂಚಾಂಗ ಲೆಕ್ಕ ಹಾಕುವ ತಂದೆ ಎಲ್ಲಿದ್ದಾನೆ?

ಈ ವರ್ಷ ಕುಣಿ ತೋಡುವ ದಿನ ಹಿರಿಯರೆಲ್ಲ ಮಸೂತಿಯ ಕಟ್ಟೆಯ ಮೇಲೆ ಕೂತಿದ್ದರು. ನಡುವೆ ಗುರುಸಂಗಪ್ಪ. ಊರಿನ ಹಳೆಯ ಹೊಲಮನೆಯವನು, ಗಜೇಂದ್ರಗಡದ ಪೇಟೆಯಲ್ಲಿ ಅಂಗಡಿ ಇಟ್ಟವನು. ದೇವರ ಎಣ್ಣೆಬತ್ತಿಯಿಂದ ಹಿಡಿದು ಹಲಗಿ ಬಾರಿಸುವವರ ಊಟದ ತನಕ ಖರ್ಚೆಲ್ಲ ಅವನ ಮನೆಯದೇ. ಮೈಲಾರಿ ಗುದ್ದಲಿ ಎತ್ತಲು ಬಗ್ಗಿದಾಗ ಗುರುಸಂಗಪ್ಪ ಗಂಟಲು ಸರಿಮಾಡಿಕೊಂಡ.

'ತಮ್ಮಾ ಮೈಲಾರಿ, ಒಂದ ಮಾತೈತಿ, ಮನಸಿಗೆ ಹಚ್ಕೋಬ್ಯಾಡ. ನಿನ್ನ ಮಗಂದು ವರ್ಷ ತುಂಬಿಲ್ಲ.'

'ತುಂಬತೈತಲ್ರಿ ಸಾವ್ಕಾರ್ರ. ದೇವ್ರ ಹೊಳಿಗೆ ಹೋಗೂ ದಿನಕ್ಕ ಬರೋಬ್ಬರಿ ವರ್ಷ.'

'ಎಲ್ಲೀದು ಬರೋಬ್ಬರಿ? ಹೋದ ವರ್ಷ ಅವತ್ತ ಆಷಾಢ ಏಕಾದಶಿ. ಈ ವರ್ಷ ನಡುವ ಅಧಿಕ ಮಾಸ ಹೊಕ್ಕೈತಲ್ಲೋ. ಆಷಾಢ ತಡಾ ಆತು, ಮೊಹರಂ ಮೊದಲ ಬಂತು. ಪಂಚಾಂಗದ ಅಯ್ಯನಾರ್ನ ಕೇಳಿ ಬಂದೀನಿ. ನಿಮ್ಮ ಮನಿದು ಇನ್ನೂ ಒಂದ ತಿಂಗಳ ಐತಿ.'

ಮೈಲಾರಿ ಗುದ್ದಲಿ ಹಿಡಿದೇ ನಿಂತ. ಸಾವಾದ ಮನೆಯವರು ವರ್ಷ ತುಂಬುವ ತನಕ ಹಬ್ಬ ಹಿಡಿಯುವಂತಿಲ್ಲ, ದೇವರ ಮುಂದೆ ನಿಲ್ಲುವಂತಿಲ್ಲ. ಇದು ಅವನಿಗೂ ಗೊತ್ತಿದ್ದ ಮಾತೇ. ತನ್ನ ಮನೆಗೂ ಅದು ಬಂದು ತಟ್ಟೀತು ಅನ್ನುವುದು ಮಾತ್ರ ಹೊಳೆದಿರಲಿಲ್ಲ.

ಮಸೂತಿಯ ಬಾಗಿಲಲ್ಲಿ ಊದು ಸುಡುವ ಪಾತ್ರೆ ತಿಕ್ಕುತ್ತಿದ್ದ ಮದರಬಿ ತಲೆ ಎತ್ತಿದಳು. ದೇವರ ಸೇವೆ ಮಾಡುವ ಮನೆಯ ಮುದುಕಿ. ಗುರುಸಂಗಪ್ಪನನ್ನು ಚಡ್ಡಿ ಇಲ್ಲದ ವಯಸ್ಸಿನಿಂದ ನೋಡಿದವಳು, ಅವಳಿಗೆ ಯಾವ ಸಾಹುಕಾರ?

'ಏನ ಹಚ್ಚೀಯೋ ಗುರುಸಂಗಾ? ಇದು ಸತ್ತವರ ತಿಂಗಳಾ. ಸತ್ತ ಮನಿಯವರನ್ನ ಹೊರಗ ನಿಂದರಿಸಿ ಯಾರ ಸಲುವಾಗಿ ಅಳಾವ್ರು ನೀವು?'

'ನಿಮ್ಮ ಪದ್ಧತಿ ನಿಮಗ, ನಮ್ಮ ಪದ್ಧತಿ ನಮಗವ್ವಾ.'

'ಹಾಡೂದು ನಮ್ಮ ಪದ, ಹಿಡಿಯೂದು ನಿಮ್ಮ ಪದ್ಧತೇನು? ಚಲೋ ಆತು ಬಿಡು.'

ಕೂತವರಲ್ಲಿ ಒಂದಿಬ್ಬರು ನಕ್ಕರು. ಗುರುಸಂಗಪ್ಪ ನಗಲಿಲ್ಲ. ಅವನು ಕೆಟ್ಟವನಲ್ಲ, ಅಂಜಿದವನು. ಅಂಜಿದವರ ಜೊತೆ ವಾದ ಮಾಡುವುದು ಕೆಟ್ಟವರ ಜೊತೆ ಮಾಡುವುದಕ್ಕಿಂತ ಕಷ್ಟ.

'ಅವ್ವಾ, ಹೋದ ವರ್ಷ ದೇವ್ರ ಮುಂದ ಹಾಡಿದ ಹುಡುಗ ಅವತ್ತ ಹ್ವಾದ. ಈ ವರ್ಷ ವರ್ಷ ತುಂಬದ ಮನಿಯಾಂವ ಮುಂದ ನಿಂತು, ಮತ್ತ ಏನರ ಆತಂದ್ರ? ಊರಾಗ ಎಲ್ಲಾರ ಮನ್ಯಾಗೂ ಮಕ್ಕಳದಾವು.'

ಇದ್ದ ಮಕ್ಕಳ ಹೆಸರು ತೆಗೆದ ಮೇಲೆ ಸತ್ತ ಮಗನ ಪರವಾಗಿ ಯಾರು ಮಾತಾಡುತ್ತಾರೆ? ಮದರಬಿಯೂ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

'ಹಂಗಂದ್ರ ಖಾಸೀಮನ ಪದ?' ಎಂದ ಮೈಲಾರಿ.

'ಪದ ನಿಂದ, ಯಾರೂ ಕಸಗೊಳ್ಳಾಕತ್ತಿಲ್ಲ. ನಿಂಗರಾಜಗ ಕಲಸು. ಅಂವ ಹಾಡ್ಲಿ. ಬರೂ ವರ್ಷ ಮತ್ತ ನೀನ ಹಾಡಂತಿ.'

ಬರುವ ವರ್ಷ! ಬರುವ ವರ್ಷ ಮೊಹರಂ ಇನ್ನೂ ಹಿಂದೆ ಸರಿಯುತ್ತದೆ, ಅದರ ಆಚೆಯ ವರ್ಷ ಇನ್ನೂ. ಮಗ ಆಷಾಢದಲ್ಲೇ ಉಳಿಯುತ್ತಾನೆ, ಅಳುವ ತಿಂಗಳು ಅವನನ್ನು ಬಿಟ್ಟು ಬೇಸಿಗೆಗೆ, ಚಳಿಗೆ, ಎಲ್ಲಿಗೋ ಹೋಗಿಬಿಡುತ್ತದೆ. ಇನ್ನು ಮನೆಯ ವರ್ಷಾಂತ. ಅದು ಅಳುವ ದಿನವೇ ಅಲ್ಲ. ಬೀಗರು ಬರುತ್ತಾರೆ, ಹೋಳಿಗೆ ಉಣ್ಣುತ್ತಾರೆ, 'ಇನ್ನ ಹಬ್ಬ ಹಿಡೀರಿ' ಎಂದು ಹೇಳಿ ಬಸ್ಸು ಹತ್ತುತ್ತಾರೆ. ಮೈಲಾರಿಗೆ ಇದೆಲ್ಲ ಅಲ್ಲೇ ನಿಂತಲ್ಲೇ ಹೊಳೆಯಿತು. ಹೊಳೆದರೂ ಬಾಯಿಂದ ಬಂದದ್ದು 'ಹೌದ್ರಿ' ಎಂಬ ಒಂದೇ ಮಾತು.

ಮನೆಗೆ ಬಂದಾಗ ನಾಗರತ್ನಾ ರೊಟ್ಟಿ ಬಡಿಯುತ್ತಿದ್ದಳು.

'ನನಗ ಹಾಡೂದು ಬ್ಯಾಡಂತ. ವರ್ಷ ತುಂಬಿಲ್ಲಂತ' ಎಂದ.

ಅವಳು ರೊಟ್ಟಿ ತಿರುವಿ ಹಾಕಿದಳು. 'ಉಣ್ಣಾಕ ಕುಂದರ್ರಿ' ಅಂದಳು. ಅಷ್ಟೇ. ಇವಳಿಗೇನೂ ಅನ್ನಿಸಲೇ ಇಲ್ಲವೇ ಎಂದು ಮೈಲಾರಿಗೆ ಸಿಟ್ಟು ಬಂತು. ಆ ವರ್ಷದುದ್ದಕ್ಕೂ ಅವನಿಗೆ ಹೆಂಡತಿಯ ಮೇಲೆ ಅಂಥದೊಂದು ಸಣ್ಣ ಸಿಟ್ಟು ಇದ್ದೇ ಇತ್ತು. ಅಳಬೇಡ ಎಂದದ್ದು ಅವನೇ. ಅಳದೆ ಇದ್ದದ್ದಕ್ಕೆ ಸಿಟ್ಟಾದದ್ದೂ ಅವನೇ.

ನಿಂಗರಾಜ ಮಾರನೆಯ ದಿನದಿಂದ ಸಂಜೆ ಸಂಜೆ ಬರತೊಡಗಿದ. ದುರಗೇಶನ ಓರಗೆಯವನು, ಅವನ ಜೊತೆಯಲ್ಲೇ ಹೆಜ್ಜೆ ಹಾಕಿದವನು. ಪಾಪ, ಅವನಿಗೂ ಇದು ಬೇಕಾಗಿರಲಿಲ್ಲ. ಕಟ್ಟೆಯ ತುದಿಯಲ್ಲಿ ಮುದುಡಿ ಕೂತು, 'ಕಾಕಾ, ತಪ್ಪಾದ್ರ ಬೈಬ್ಯಾಡ್ರಿ ಮತ್ತ' ಎಂದೇ ಶುರು ಮಾಡುತ್ತಿದ್ದ.

ಮೈಲಾರಿ ಬೈಯಲಿಲ್ಲ. ಮೊದಲೆರಡು ದಿನ ಒಲ್ಲದ ಮನಸ್ಸಿನಿಂದ ಕಲಿಸಿದ. ಆಮೇಲೆ ನೋಡಿ, ಹಾಡುಗಾರನ ಹುಚ್ಚು ಎಚ್ಚೆತ್ತಿತು. ಪದ ಒಂದು ಸಲ ಕೈಗೆ ಬಂತೆಂದರೆ ಅದು ಯಾರ ಸಾವಿನದು ಎಂಬುದೇ ಮರೆತುಹೋಗುತ್ತದೆ. ಉಸಿರು ಎಲ್ಲಿ ಎಳೆಯಬೇಕು, ತಾಳ ಎಲ್ಲಿ ಬಿಡಬೇಕು, ಇಷ್ಟೇ ಉಳಿಯುತ್ತದೆ. ಒಂದೊಂದು ನುಡಿಯನ್ನೂ ತಿದ್ದಿ ತೀಡಿ ಹೇಳಿಕೊಟ್ಟ. ತಾಯಿಯ ನುಡಿಗೆ ಬಂದಾಗ ನಿಂಗರಾಜ ಎಷ್ಟು ಹಾಡಿದರೂ 'ಬರಿಗೈಲೆ' ಎಂಬುದು ನುಣ್ಣಗೆ ಹೋಗುತ್ತಿತ್ತು.

'ಅಲ್ಲಿ ದನಿ ಒಡಿಬೇಕೋ ಹುಚ್ಚಪ್ಯಾ. ಅಷ್ಟ ಚಂದಂಗ ಹಾಡಿದ್ರ ಯಾರ ಅಳ್ತಾರ? ಇಲ್ಲಿ ಉಸಿರ ಹಿಡಿ. ಹಿಡಿದು, ಒಮ್ಮೆಲೇ ಬಿಡು. ಹಾಡು.'

ನಿಂಗರಾಜ ಹಾಡಿದ. ದನಿ ಒಡೆಯಲಿಲ್ಲ.

'ಮತ್ತೊಮ್ಮೆ.'

ಹಾಡಿದ. ಒಡೆಯಿತು, ಆದರೆ ಕೆಮ್ಮಿದ ಹಾಗೆ ಕೇಳಿಸಿತು.

'ಥೂ, ಹಂಗಲ್ಲ. ಅಂವ ಹ್ಯಾಂಗ ಒಡೀತಿದ್ದ ನೆನಪ ಮಾಡ್ಕೋ. ಮತ್ತೊಮ್ಮೆ.'

ನಾಲ್ಕು ಸಂಜೆ ಹೀಗೇ ನಡೆಯಿತು. ಒಳಗೆ ಒಲೆಯ ಮುಂದೆ ಒಬ್ಬಳು ತಾಯಿ ಕೂತಿದ್ದಾಳೆ ಎಂಬುದು ಕಲಿಸುವವನಿಗೂ ನೆನಪಿರಲಿಲ್ಲ, ಕಲಿಯುವವನಿಗೂ ಇರಲಿಲ್ಲ. ಐದನೆಯ ಸಂಜೆ ದನಿ ಕೊನೆಗೂ ಒಡೆಯಿತು. 'ಮತ್ತೊಮ್ಮೆ' ಎಂದು ಮೈಲಾರಿ ಅನ್ನುವುದಕ್ಕೂ ಒಳಗಿನಿಂದ ತಂಬಿಗೆಯೊಂದು ಬಂದು ಅಂಗಳದಲ್ಲಿ ಢಣ್ಣೆಂದು ಬೀಳುವುದಕ್ಕೂ ಸರಿಹೋಯಿತು. ಹಿಂದೆಯೇ ನಾಗರತ್ನಾ ಬಂದಳು.

'ನನ್ನ ಮಗ ಸತ್ತದ್ದನ್ನ ಇನ್ನೂ ಎಷ್ಟ ಸಲ ತಿದ್ದಸ್ತೀರಿ?'

'ಏ ನಾಗೂ, ಇದು ಖಾಸೀಮನ ಪದ...'

'ಗೊತ್ತೈತ್ರಿ, ನಾನೂ ಇದ ಊರಾಗ ಬಾಳೇ ಮಾಡೀನಿ. ಅಂವನ ಅಂಗಿ ಅರಿವಿ ಕೊಟ್ರಿ, ಸುಮ್ನಿದ್ನಿ. ಗಾಡಿ ಮಾರಿದ್ರಿ, ಸುಮ್ನಿದ್ನಿ. ಅಂವನ ದನಿ ಒಡದಿದ್ದೂ ಬ್ಯಾರೇದವರಿಗೆ ಕಲಿಸಿ ಕೊಡ್ತೀರೇನು? ಅದೊಂದರ ನನಗ ಇರ್ಲಿ ಬಿಡ್ರೀ!'

ನಿಂಗರಾಜ ಎದ್ದು ನಿಂತು, 'ಕಾಕೂ, ತಪ್ಪಾತ್ರಿ' ಎನ್ನುತ್ತ ಚಪ್ಪಲಿಯನ್ನೂ ಮೆಟ್ಟದೆ ಓಡಿದ. ಮೈಲಾರಿ ತಂಬಿಗೆ ಎತ್ತಿ ಕಟ್ಟೆಯ ಮೇಲಿಟ್ಟ. ಏನಾದರೂ ಹೇಳಬೇಕಿತ್ತು. ಗಂಟಲಿನಲ್ಲಿ ಇದ್ದದ್ದೆಲ್ಲ ಪದ, ಮಾತು ಒಂದೂ ಇರಲಿಲ್ಲ. ಅವಳು ಆಮೇಲೆ ಒಳಗೆ ಹೋಗಿ ಒಲೆ ಊದಿದಳು.

ನಿಂಗರಾಜ ಮತ್ತೆ ಆ ಮನೆಗೆ ಬರಲಿಲ್ಲ. ಬರುವ ಅಗತ್ಯವೂ ಇರಲಿಲ್ಲ, ಕಲಿಯುವುದೆಲ್ಲ ಕಲಿತಾಗಿತ್ತು.

ದೇವರು ಹೊಳೆಗೆ ಹೋಗುವ ದಿನ ಬಂತು. ನಡುಮಧ್ಯಾಹ್ನದಿಂದಲೇ ಹಲಗಿಯ ಸದ್ದು. ಹೆಣ್ಣುಮಕ್ಕಳು ತಟ್ಟೆಯಲ್ಲಿ ಚೊಂಗೆಯ ಸಿಹಿರೊಟ್ಟಿ, ಸಕ್ಕರೆ ಹಿಡಿದು ಮಸೂತಿಗೆ ಹೋದರು. ಹರಕೆಗೆ ಫಕೀರರಾದ ಮಕ್ಕಳು ಕೊರಳಲ್ಲಿ ಕೆಂಪು ದಾರ ಹಾಕಿಕೊಂಡು ಓಣಿ ತುಂಬ ಓಡಾಡಿದರು. ಮೈಲಾರಿಯ ಮನೆಗೆ ಮಾತ್ರ ಯಾರೂ ಬರಲಿಲ್ಲ. ಅವನು ಏಣಿ ಹತ್ತಿ ಮಾಳಿಗೆಯ ಮೇಲೆ ಹೋಗಿ ಕೂತ. ಅಲ್ಲಿಂದ ಮಸೂತಿಯ ಅಂಗಳ ಕಾಣುವುದಿಲ್ಲ, ಗಾಳಿ ಈ ಕಡೆ ಇದ್ದರೆ ಪದ ಕೇಳುತ್ತದೆ. ಗಾಳಿ ಈ ಕಡೆಯೇ ಇತ್ತು.

ಇಲ್ಲೇ ಅಳೋಣ ಎಂದುಕೊಂಡಿದ್ದ. ಅಂಗಳವಾದರೇನು, ಮಾಳಿಗೆಯಾದರೇನು, ಪದ ಅದೇ, ದಿನ ಅದೇ. ಮೈಕಿನಲ್ಲಿ ನಿಂಗರಾಜನ ದನಿ ಎದ್ದಿತು. ಮೈಲಾರಿ ಟವೆಲ್ಲನ್ನು ಮಡಿಸಿ ಕೈಯಲ್ಲಿ ಹಿಡಿದು ಕೂತ. ಬಾಸಿಂಗ ಕಟ್ಟುವ ನುಡಿ ಬಂತು, ಹೋಯಿತು. ಕುದುರೆ ಹತ್ತುವ ನುಡಿ ಬಂತು. ಮೈಲಾರಿಯ ತುಟಿ ತಾನಾಗಿ ಅಲುಗುತ್ತಿತ್ತು. ತಾಯಿಯ ನುಡಿ ಬಂತು. 'ಬರಿಗೈಲೆ' ಎನ್ನುವಲ್ಲಿ ಹುಡುಗನ ದನಿ ಒಡೆಯಿತು. ಥೇಟ್ ದುರಗೇಶನದೇ. ಒಂದು ಕೂದಲೆಳೆಯೂ ಆಚೀಚೆ ಇಲ್ಲ.

ಅಂಗಳದಿಂದ ಹೋ ಎಂಬ ಅಳು ಎದ್ದು ಬಂತು. ಇಡೀ ಊರು ಅಳುತ್ತಿತ್ತು. ಯಾರೋ ಮೈಕಿನಲ್ಲೇ, 'ದುರಗೇಶ ಬಂದಂಗಾತೋ ಯಪ್ಪಾ' ಎಂದು ಕೂಗಿದರು. ಗುರುಸಂಗಪ್ಪನ ದನಿಯಿದ್ದ ಹಾಗಿತ್ತು.

ಮೈಲಾರಿಯ ಮನಸ್ಸಿಗೆ ಬಂದ ಮೊದಲ ವಿಚಾರ ಯಾವುದು ಗೊತ್ತೇ? ಚಲೋ ಕಲಿತಾನ ಹುಡುಗ, ಎಂಬುದು. ಅದು ಬಂದದ್ದೇ ತಡ, ಕಣ್ಣು ಮುಟ್ಟಿ ನೋಡಿಕೊಂಡ, ಒಣಗಿದ್ದವು. ಪದ ಮುಗಿಯಿತು, ಮುಂದಿನ ಪದಕ್ಕೆ ಹಲಗಿ ಬಿತ್ತು. ವರ್ಷವೆಲ್ಲ ಕಾಯ್ದ ಗಳಿಗೆ ಹೀಗೆ ಬಂದು ಹೀಗೆ ಹೋಗಿತ್ತು. ಊರಿಗೆಲ್ಲ ಅಳು ಹಂಚಿಕೊಟ್ಟು ತಾನು ಬರಿದೇ ಕೂತಿದ್ದ. ಇನ್ನು ಜನ್ಮದಲ್ಲಿ ಇದು ಹೊರಗೆ ಬರುವುದಿಲ್ಲ, ಹೀಗೇ ಎದೆಯಲ್ಲಿ ಇಟ್ಟುಕೊಂಡೇ ಸಾಯುತ್ತೇನೆ ಎಂದು ಅವನಿಗೆ ಹೆದರಿಕೆ ಹತ್ತಿತು.

'ನಾಗೂ' ಎಂದು ಕೆಳಗೆ ಮುಖ ಮಾಡಿ ಕರೆದ. ಇಳಿದು ಬಂದು ನೋಡಿದ. ಅಡಿಗೆಮನೆಯಲ್ಲಿ ಇಲ್ಲ, ದನದ ಕೊಟ್ಟಿಗೆಯಲ್ಲಿ ಇಲ್ಲ, ಹಿತ್ತಲಲ್ಲಿ ಇಲ್ಲ. ಬಾಗಿಲು ಸುಮ್ಮನೆ ಎಳೆದಿತ್ತು, ಅವಳ ಚಪ್ಪಲಿ ಇರಲಿಲ್ಲ. ಮೈಲಾರಿ ಹೊಲದ ದಾರಿ ಹಿಡಿದು ಓಡಿದ. ಯಾಕೆ ಆ ಕಡೆಗೇ ಓಡಿದ ಎಂದು ಕೇಳಬೇಕಾಗಿಲ್ಲ. ಎರೆಮಣ್ಣು ಹಸಿಯಾಗಿ ಕಾಲಿಗೆ ಮೆತ್ತಿಕೊಳ್ಳುತ್ತಿತ್ತು, ಒಂದು ಚಪ್ಪಲಿ ಅಲ್ಲೇ ಸಿಕ್ಕಿ ಉಳಿಯಿತು, ಬಿಟ್ಟು ಓಡಿದ. ಹೊಂಡದ ದಂಡೆಯ ಮೇಲೆ ಮಂಡಿಯೂರಿ ಬಿದ್ದು ಕೆಳಗೆ ನೋಡಿದ. ತಳದಲ್ಲಿ ಮೊದಲ ಮಳೆಯ ಕೆಂಚು ನೀರು ಒಂದಿಷ್ಟು ನಿಂತಿತ್ತು. ಮತ್ತೇನೂ ಇರಲಿಲ್ಲ.

'ಯಾಕ್ರೀ, ಏನಾತು?'

ನಾಗರತ್ನಾ ಹಿಂದೆ, ಹೆಸರುಕಾಳಿನ ಹೊಲದ ಬದುವಿನ ಮೇಲೆ ಕೂತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು, ಮುಖ ಆಗತಾನೇ ತೊಳೆದ ಹಾಗಿತ್ತು. ಮೈಲಾರಿ ಏಳಲಾರದೆ ಅಲ್ಲೇ ಕೂತು ಏದುಸಿರು ಬಿಟ್ಟ.

'ಮನ್ಯಾಗ ಇರಲಿಲ್ಲಲ್ಲ ನೀ. ನಾ ಏನರ...' ಮುಂದೆ ಹೇಳಲಿಲ್ಲ. 'ಇಲ್ಲೇನ ಮಾಡಾಕತ್ತಿ?'

'ಅತ್ತು ಮುಗಿಸಿ ಕುಂತೀನಿ.'

'ಇವತ್ತಽ?'

'ಇವತ್ತೇನ ಬಂತ್ರಿ, ವರ್ಷೆಲ್ಲಾ ಅತ್ತೀನಿ. ನೀವು ಮೊಹರಂ ಬರ್ಲಿ ಅಂದ್ರಿ, ಹೂಂ ಅಂದ್ನಿ. ಹೆತ್ತ ಹೊಟ್ಟಿ, ಎಲ್ಲೀಮಟಾ ಹಿಡಕೊಂಡಿರ್ಲಿ? ಹುಲ್ಲಿಗೆ ಹೊಕ್ಕೀನಿ ಅಂತ ಹೇಳಿ ಬಂದು, ಇಲ್ಲಿ ಕುಂತು ಅತ್ತು, ಮಾರಿ ತೊಳಕೊಂಡು ಮನಿಗೆ ಬರ್ತಿದ್ನಿ. ಹುಲ್ಲ ಇಷ್ಟಾ ತಂದೀಯಲ್ಲ, ದನಾ ಏನ ತಿನ್ನಬೇಕು ಅಂತ ನೀವಽ ಬೈದೀರಿ.'

ಬೈದದ್ದು ಮೈಲಾರಿಗೆ ನೆನಪಿತ್ತು. ಒಮ್ಮೆ ಅಲ್ಲ, ಹಲವು ಸಲ ಬೈದಿದ್ದ.

'ಒಬ್ಬಾಕಿನ ಬಂದು ಅಳ್ತಿದ್ಯಾ?'

'ಮತ್ತ ಯಾರ ಬರ್ತಿದ್ರು? ನೀವು ಬಂದಿದ್ರ ಇಬ್ರಾಗ್ತಿದ್ವಿ.'

ಅವಳು ಇದನ್ನು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಮೈಲಾರಿ ಎದ್ದು ಬಂದು ಬದುವಿನ ಮೇಲೆ ಅವಳ ಪಕ್ಕ ಕೂತ. ಊರ ಕಡೆಯಿಂದ ಹಲಗಿಯ ಸದ್ದು ಜೋರಾಯಿತು, ದೇವರು ಎದ್ದಿರಬೇಕು.

'ನಿಂಗರಾಜ ಚಲೋ ಹಾಡಿದ' ಎಂದ.

'ಕೇಳಿಸ್ತು.'

'ಊರೆಲ್ಲಾ ಅತ್ತಿತು. ನನಗ ಬರಲಿಲ್ಲ. ನಿಂದ ಅತ್ತು ಮುಗದೈತಿ. ನಂದಿನ್ನೂ ಶುರುನ ಆಗಿಲ್ಲ, ನಾಗೂ.'

'ಶುರು ಮಾಡ್ರಿ. ನಾ ಕುಂದರ್ತೀನಿ.'

ಮೈಲಾರಿ ಬಾಯಿ ತೆಗೆದ. ಅಷ್ಟು ವರ್ಷದ ರೂಢಿ, ಬಂದದ್ದು ರಾಗವೇ. 'ಬಾಸಿಂಗ ಬಿಚ್ಚಬ್ಯಾಡೋ ಕಂದಾ' ಎಂದು ಎತ್ತಿಯೇ ಬಿಟ್ಟಿದ್ದ. ನಾಗರತ್ನಾ ಮಣ್ಣಿನ ಕೈಯನ್ನು ಅವನ ಬಾಯಿಯ ಮೇಲೆ ಇಟ್ಟಳು.

'ಆ ಪದ ಬ್ಯಾಡ. ಅದು ಅವರ ಮಗಂದು. ನಮ್ಮ ಹುಡುಗನ ಹೆಸರ ಹಿಡದು ಕರೀರಿ.'

ಮೈಲಾರಿ ಅವಳ ಮುಖ ನೋಡಿದ. ಮಗ ಹೋದಂದಿನಿಂದ ಆ ಹೆಸರನ್ನು ಅವನು ಬಾಯಿ ಬಿಟ್ಟು ಹೇಳಿಯೇ ಇರಲಿಲ್ಲ. ಅಂವ, ಹುಡುಗ, ನನ್ನ ಮಗ, ಇಷ್ಟರಲ್ಲೇ ದಿನ ತಳ್ಳಿದ್ದ.

'ದುರಗೇಶಾ' ಎಂದ, ಹೊಲದ ಆ ಕಡೆ ನಿಂತವನನ್ನು ಊಟಕ್ಕೆ ಕರೆಯುವ ಹಾಗೆ.

ಎರಡನೆಯ ಸಲ ಕರೆಯಲಾಗಲಿಲ್ಲ. ಅವನು ಹೆಂಡತಿಯ ತೊಡೆಯ ಮೇಲೆ ಬಿದ್ದು, ಹಣೆ ಚಚ್ಚಿಕೊಳ್ಳುತ್ತ, ಕೂಸಿನ ಹಾಗೆ ಬಾಯಿ ಬಿಟ್ಟು ಅತ್ತ. ಯಾರೂ ಬಂದು ರಟ್ಟೆ ಹಿಡಿಯಲಿಲ್ಲ. ಹಲಗಿಯ ಸದ್ದು ಹೊಳೆಯ ದಾರಿ ಹಿಡಿದು ದೂರ ಹೋಯಿತು. ನಾಗರತ್ನಾ ಒಂದು ಕೈಯನ್ನು ಅವನ ಬೆನ್ನ ಮೇಲೆ ಇಟ್ಟುಕೊಂಡು, ಹೊತ್ತು ಮುಳುಗುವ ತನಕ ಅಲ್ಲೇ ಕೂತಿದ್ದಳು.